ಹೆಂಚಿಗೆ ಕುಸುಬಿ ಎಣ್ಣೆ

ನಮ್ಮ ಬಂಧುಬಳಗದಲ್ಲಿ ಹೆಂಚಿನ ಮನೆ ಇದ್ದದ್ದು ನಮಗೊಬ್ಬರಿಗೇ. ರಾಯಚೂರಿನ ಹಳೆಯ ಓಣಿಯೊಂದರಲ್ಲಿ ಯಾರೋ ಹತ್ತಿ ವ್ಯಾಪಾರಿ ಗೋದಾಮಿಗೆಂದು ಕಟ್ಟಿಸಿ, ಆಮೇಲೆ ಬೇಡವೆಂದು ಬಿಟ್ಟಿದ್ದ ಕಟ್ಟಡ ಅದು. ಕಚೇರಿಯೊಂದರಲ್ಲಿ ಜವಾನನಾಗಿದ್ದ ಅಪ್ಪ ಎಪ್ಪತ್ತರ ದಶಕದ ಕೊನೆಯಲ್ಲಿ ಅದನ್ನು ಕೊಂಡ. ಗೋಡೆ ಗಟ್ಟಿ ಇದೆಯೋ, ನೀರು ಎಲ್ಲಿಂದ ತರಬೇಕೋ, ಒಂದನ್ನೂ ಕೇಳಲಿಲ್ಲ. ತಲೆಯೆತ್ತಿ ಕೆಂಪು ಹೆಂಚು ನೋಡಿದ, ಹೂಂ ಅಂದ. ಗಂಡಸರು ಮನೆ ನೋಡುವುದೇ ಹಾಗೆ.

ಅವ್ವ ದೇವದುರ್ಗದವಳು. ಅಲ್ಲಿ ಮನೆಯೆಂದರೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಅದರ ಮೇಲೆ ಹಾಸಿಕೊಂಡು ಮಲಗಬೇಕು, ಮೆಣಸಿನಕಾಯಿ ಒಣಹಾಕಬೇಕು, ಪಕ್ಕದ ಮಾಳಿಗೆಯವಳ ಜೊತೆ ಜಗಳವನ್ನೂ ಅಲ್ಲಿ ನಿಂತೇ ಆಡಬೇಕು. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ತಂದು ಹರಡಿ, ನೀರು ಚಿಮುಕಿಸಿ, ತುಳಿದು ಬಡಿದು ಗಟ್ಟಿ ಮಾಡಿದರೆ ಒಂದು ಹನಿ ಒಳಗೆ ಬರುವುದಿಲ್ಲ. ಮದುವೆಗೆ ಮುಂಚೆ ಅವ್ವ ಕೂಲಿಗೆ ಹೋಗಿ ಊರವರ ಮಾಳಿಗೆಗಳಿಗೆಲ್ಲ ಈ ಮಣ್ಣು ಬಡಿದವಳು. ಸೂರಿನ ವಿಷಯದಲ್ಲಿ ತನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ಅವಳ ನಂಬಿಕೆ. ಹೆಂಚಿನ ಮನೆಗೆ ಕಾಲಿಟ್ಟ ಮೊದಲ ದಿನವೇ ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿ ತೀರ್ಪು ಕೊಟ್ಟಳು.

"ಮ್ಯಾಲ ಹತ್ತಾಕ ಬರಂಗಿಲ್ಲ, ಮಕ್ಕೊಳ್ಳಾಕ ಬರಂಗಿಲ್ಲ, ಒಂದು ಹಪ್ಪಳ ಒಣಗಿಸಾಕ ಬರಂಗಿಲ್ಲ. ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ!"

"ಮಂಗ್ಯಾ ಹತ್ತತಾವಲ್ಲ, ನೀನೂ ಹತ್ತು," ಅಂದ ಅಪ್ಪ.

ಅವರ ಸಂಸಾರ ನಡೆದದ್ದೇ ಹೀಗೆ. ಒಬ್ಬರು ಒಂದು ಅಂದರೆ ಇನ್ನೊಬ್ಬರಿಗೆ ಎರಡು ಅನ್ನದಿದ್ದರೆ ಉಂಡದ್ದು ಕರಗುತ್ತಿರಲಿಲ್ಲ.

ಆದರೆ ಹೆಂಚಿನ ಬಗ್ಗೆ ಅವ್ವ ಅಂದದ್ದು ಪೂರ್ತಿ ಸುಳ್ಳಲ್ಲ. ಅವು ಬಹಳ ಹಳೆಯವು. ಬಿಸಿಲಿಗೆ ಮೇಲಿನ ಪದರು ಪುಡಿಪುಡಿಯಾಗಿ ಏಳುತ್ತಿತ್ತು, ಕೈಯಾಡಿಸಿದರೆ ಅಂಗೈಯೆಲ್ಲ ಕೆಂಪು. ಸಣ್ಣ ಮಳೆಗೆ ನೀರು ಕುಡಿದು ಸುಮ್ಮನಿರುತ್ತಿದ್ದವು. ಜೋರು ಮಳೆ ಬಂದರೆ ಒಳಗಡೆ ಬೆವರಲು ಶುರುಮಾಡಿ, ಕೊನೆಗೆ ತೊಟ್ಟಿಕ್ಕುತ್ತಿದ್ದವು. ಬದಲಾಯಿಸೋಣವೆಂದರೆ ಹೊಸ ಹೆಂಚಿನ ಅಚ್ಚು ಬೇರೆ. ಹಳೆಯ ಹೆಂಚಿನ ಅಂಚಿಗಿರುವ ಗಾಡಿಗೆ, ಅಂದರೆ ನೀರು ಹರಿಯುವ ತೋಡಿಗೆ, ಅದು ಕೂರುತ್ತಲೇ ಇರಲಿಲ್ಲ. ಹೀಗಾಗಿ ಮಳೆಗಾಲದಲ್ಲಿ ನಮ್ಮ ಮನೆಯ ಪಾತ್ರೆಗಳಿಗೆಲ್ಲ ನೆಲದ ಮೇಲೆ ಅವುಗಳದೇ ಜಾಗಗಳಿದ್ದವು. ನಾವು ಅವುಗಳ ನಡುವೆ ದಾಟಿಕೊಂಡು ಓಡಾಡುತ್ತಿದ್ದೆವು.

ಅಕ್ಕನನ್ನು ಕವಿತಾಳಕ್ಕೆ ಕೊಟ್ಟಿತ್ತು. ಮದುವೆಯಾದ ಮೊದಲ ಪಂಚಮಿಗೆ ಅವಳು ತವರಿಗೆ ಬಂದಳು. ಹಬ್ಬ ಮುಗಿದ ಮೇಲೆ ಕರೆದೊಯ್ಯಲು ಅವಳ ಅತ್ತೆಯೇ ಬಂದರು. ಗಂಡ ಇಲ್ಲದ, ಒಬ್ಬನೇ ಮಗನನ್ನು ಬೆಳೆಸಿದ, ಮಾತು ಕಡಿಮೆಯ ಹೆಂಗಸು. ಬೀಗರು ಬಂದರೆಂದು ಅವ್ವ ಹೂರಣ ಅರೆದು ಹೋಳಿಗೆ ಮಾಡಿದ್ದಳು. ಊಟಕ್ಕೆ ಕೂತಾಗ ಮಳೆ ಹೊಡೆಯಿತು. ಹೋಳಿಗೆ, ತುಪ್ಪ, ಆ ತುಪ್ಪದ ಮೇಲೆ ಟಪ್ಪೆಂದು ಒಂದು ಕೆಂಪು ಹನಿ. ಆಕೆ ತಟ್ಟೆಯನ್ನು ಸ್ವಲ್ಪ ಸರಿಸಿಕೊಂಡರು. ಇನ್ನೊಂದು ಹನಿ ಅಲ್ಲಿಗೂ ಬಿತ್ತು. ಆಕೆ ಏನೂ ಅನ್ನಲಿಲ್ಲ. ಬೈದಿದ್ದರೆ ಅವ್ವನೂ ಏನಾದರೂ ಅಂದು ಹಗುರಾಗುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಅಕ್ಕ ಬಸಿರು ಎಂಬ ಸುದ್ದಿ ಬಂತು. ದಿನ ತುಂಬುವುದು ಶ್ರಾವಣದಲ್ಲಿ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ಅದು ಹಾಗೆಯೇ. ಆದರೆ ಭಾವ ಸುದ್ದಿಯ ಜೊತೆಗೆ ಇನ್ನೊಂದು ಮಾತನ್ನೂ ತಂದಿದ್ದ. ಹೊಸ್ತಿಲಲ್ಲೇ ನಿಂತು, ನೆಲ ನೋಡುತ್ತ ಹೇಳಿದ:

"ನಮ್ಮವ್ವ ಹೇಳಿ ಕಳಿಸ್ಯಾಳ್ರಿ. ಮಳಿಗಾಲದಾಗ ಹಸಿ ಬಾಣಂತಿನ್ನ ಸೋರೋ ಮನ್ಯಾಗ ಹೆಂಗ ಇಡಾಕ ಬರ್ತದ ಅಂತ. ಮುಂಗಾರಿನ ಮಿರಗಾ ಮಳಿ ಬಂದ ಮ್ಯಾಲ ತಾನೇ ಒಮ್ಮೆ ಬಂದು ನೋಡ್ತಾಳಂತ. ಮನಿ ಒಣಗಿದ್ರ ಕಳಿಸ್ತಾಳ. ಇಲ್ಲಂದ್ರ ಅಲ್ಲೇ ಆಗ್ಲಿ ಅಂತಾಳ್ರಿ."

ನನಗೆ ಮೈಯೆಲ್ಲ ಉರಿಯಿತು. ನಾನಾಗ ಮಾನ್ವಿಯ ಶಾಲೆಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮಕ್ಕಳಿಗೆ ಪಾಠ ಹೇಳುವವಳೆಂದ ಮೇಲೆ ಊರಿಗೆಲ್ಲ ಪಾಠ ಹೇಳಬಹುದು ಎಂದುಕೊಂಡಿದ್ದ ವಯಸ್ಸು. "ಅವರ ಮನಿ ಏನು ಅರಮನಿ ಏನು? ನಾನೇ ಹೋಗಿ ಕೇಳ್ತೀನಿ" ಅಂದೆ. ಅವ್ವ ನನ್ನ ಬಾಯಿ ಮುಚ್ಚಿಸಿದಳು. ಭಾವ ಹೋದ ಮೇಲೆ ಒಲೆಯ ಮುಂದೆ ಕೂತು ತನ್ನ ಹಳೆಯ ಕಥೆ ತೆಗೆದಳು.

ಅವ್ವನಿಗೆ ತವರಿರಲಿಲ್ಲ. ಅವಳ ತಾಯಿ ಅವಳು ಸಣ್ಣವಳಿದ್ದಾಗಲೇ ಹೋಗಿದ್ದಳು. ಅಕ್ಕ ಹುಟ್ಟಿದ್ದು ಕಾಲುವೆ ಅಗೆಯುವ ಕೂಲಿಯವರ ಜೋಪಡಿಯಲ್ಲಿ. ಸೂಲಗಿತ್ತಿಯೂ ಇರಲಿಲ್ಲ, ಪಕ್ಕದ ಜೋಪಡಿಯ ತೆಲುಗು ಹೆಂಗಸೊಬ್ಬಳು ಹೊಕ್ಕುಳಬಳ್ಳಿ ಕೊಯ್ದಳಂತೆ. ವಾರ ತುಂಬುವ ಮೊದಲೇ ಅವ್ವ ಮಣ್ಣಿನ ಬುಟ್ಟಿ ಹೊತ್ತಳು. ಎಣ್ಣೆ ನೀರಿಲ್ಲ, ಖಾರದ ಸಾರಿಲ್ಲ, ಹೊದೆಸುವವರಿಲ್ಲ. ಇದನ್ನೆಲ್ಲ ನಗುತ್ತಲೇ ಹೇಳುತ್ತಿದ್ದವಳು ಅಂದು ಮಾತ್ರ ನಗಲಿಲ್ಲ.

"ನನಗ ತವರಿರಲಿಲ್ಲ, ಬಾಣಂತನಾನೂ ಇರಲಿಲ್ಲ. ನನ್ನ ಮಗಳಿಗಿ ತವರು ಇದ್ದೂ ಇಲ್ಲದಂಗ ಆಗಬಾರದು," ಅಂದಳು. ಅಪ್ಪ ಅದಕ್ಕೆ ಎರಡು ಅನ್ನಲಿಲ್ಲ.

ನಾವು ಖಾಲಾ ಎಂದು ಕರೆಯುತ್ತಿದ್ದ ಎದುರುಮನೆಯಾಕೆ ಡಾಂಬರು ಹಚ್ಚಿಬಿಡಿ ಎಂದಳು. ಆಕೆಯ ಗಂಡನಿಗೆ ಬಜಾರಿನಲ್ಲಿ ಸಣ್ಣ ಅಂಗಡಿ. ಮನೆಯ ಮುಂದಿನ ಹೆಂಚಿನ ಚಪ್ಪರಕ್ಕೆ ಅವರು ಡಾಂಬರು ಬಳಿದಿದ್ದರು. "ಏಕ್‌ದಮ್ ಪಕ್ಕಾ ಆಗ್ತದ ನೋಡ್ರಿ," ಎಂದು ಖಾಲಾ ಆಣೆ ಮಾಡಿ ಹೇಳಿದಳು. ಪಕ್ಕಾ ಆಗಿದ್ದು ನಿಜ. ಆದರೆ ರಾಯಚೂರಿನ ಬಿಸಿಲಿಗೆ ಆ ಚಪ್ಪರದ ಕೆಳಗೆ ಅವರ ಕೋಳಿಗಳೂ ಕೂರುತ್ತಿರಲಿಲ್ಲ. ಬಾಣಂತಿಯನ್ನು ಕೂರಿಸುವುದು ಹೇಗೆ?

ಅಪ್ಪ ಎರಡು ದಿನ ಹೆಂಚು ನೋಡುತ್ತ, ಬೀಡಿ ಸೇದುತ್ತ ಕಳೆದ. ಆಮೇಲೆ ಇದ್ದಕ್ಕಿದ್ದಂತೆ, "ಕುಸುಬಿ ಎಣ್ಣಿ ಕಾಸಿ ಹಚ್ಚೋಣು" ಅಂದ.

ಅಪ್ಪನ ಊರು ಮಾನ್ವಿ ಕಡೆಯ ಬಾಗಲವಾಡ. ಅವನ ಅಪ್ಪ ಬಾವಿಗಳಿಂದ ಎತ್ತುಗಳು ನೀರು ಎಳೆಯುವ ದೊಡ್ಡ ತೊಗಲಿನ ಚೀಲ ಹೊಲಿಯುತ್ತಿದ್ದವನು. ಹಸಿ ತೊಗಲು ನೀರು ಕುಡಿದು ಕೊಳೆಯಬಾರದೆಂದು ಕುಸುಬಿ ಎಣ್ಣೆಯನ್ನು ಅಂಟಾಗುವವರೆಗೆ ಕಾಸಿ ಅದಕ್ಕೆ ತಿಕ್ಕುತ್ತಿದ್ದರಂತೆ. ರಾಯಚೂರಿಗೆ ಬಂದ ಮೇಲೆ ಅಪ್ಪ ತೊಗಲಿನ ಮಾತನ್ನೇ ಎತ್ತಿರಲಿಲ್ಲ. ಓಣಿಯವರಿಗಾಗಲಿ ಕಚೇರಿಯವರಿಗಾಗಲಿ ಅದು ಗೊತ್ತಿರಲಿಲ್ಲ, ಗೊತ್ತಾಗುವುದು ಅವನಿಗೆ ಬೇಕೂ ಇರಲಿಲ್ಲ. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಕುಸುಬಿ ಎಣ್ಣೆ ಕಾಸಿದರೆ ಅದರ ವಾಸನೆ ಓಣಿಗೆಲ್ಲ ಹೋಗುತ್ತದೆ, ಏನು ಯಾಕೆ ಎಂದು ಹತ್ತು ಮಂದಿ ಕೇಳುತ್ತಾರೆ. ಅದೆಲ್ಲ ಗೊತ್ತಿದ್ದೇ ಅವನು ಹಾಗಂದ. ನನಗೆ ಅವನ ಮೇಲೆ ಅಂದು ಬಂದಷ್ಟು ಪ್ರೀತಿ ಮತ್ತೆಂದೂ ಬಂದಿಲ್ಲ.

"ತೊಗಲೂ ನೀರು ಕುಡೀತದ, ಹೆಂಚೂ ನೀರು ಕುಡೀತದ. ಕುಡುಕರೆಲ್ಲಾರಿಗೂ ಒಂದೇ ಮದ್ದು," ಅಂದ.

"ಎಣ್ಣಿ ಹೆಂಚಿಗಿ ಹಾಕು, ನಾವು ಒಣಾ ರೊಟ್ಟಿ ತಿಂತೀವಿ," ಅಂದಳು ಅವ್ವ. ಆದರೆ ಗಾಣದಿಂದ ಎಣ್ಣೆ ತಂದವಳು ಅವಳೇ.

ಓಣಿಯ ಹಿಂದಿನ ಬಯಲಿನಲ್ಲಿ ಕಲ್ಲು ಹೂಡಿ, ಖಾಲಾ ಕೊಟ್ಟ ಹಳೆಯ ತಾಮ್ರದ ಪಾತ್ರೆಯಲ್ಲಿ ಎಣ್ಣೆ ಕಾಸಿದೆವು. ಉರಿ ಸಣ್ಣಗಿರಬೇಕು. ಜೋರಾದರೆ ಎಣ್ಣೆಗೇ ಬೆಂಕಿ ಹತ್ತುತ್ತದೆ. ಅದಕ್ಕೆ ಹಸಿ ಗೋಣಿಚೀಲ ಕೈಯಲ್ಲೇ ಇಟ್ಟುಕೊಂಡು ಅಪ್ಪ ಕೂತಿದ್ದ. ಬೆಳಗ್ಗೆ ಹಚ್ಚಿದ ಒಲೆ ಸಂಜೆಯವರೆಗೆ ಉರಿಯಿತು. ಮೊದಲು ಹಳದಿ, ಆಮೇಲೆ ಬೆಲ್ಲದ ಬಣ್ಣ, ಆಮೇಲೆ ಕಪ್ಪು. ಹೊಗೆ ಕಣ್ಣಿಗೆ, ಮೂಗಿಗೆ, ಒಣಹಾಕಿದ ಬಟ್ಟೆಗೆಲ್ಲ ಹತ್ತಿತು. ಖಾಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಯಾ ಅಲ್ಲಾ, ಕ್ಯಾ ಬಾಸ್ ಹೈ!" ಎನ್ನುತ್ತ ಪಾತ್ರೆ ಕೊಟ್ಟ ತನ್ನ ಕೈಯನ್ನೇ ಶಪಿಸಿದಳು. ಕೇಳಿದವರಿಗೆಲ್ಲ ಅಪ್ಪ ಇದ್ದದ್ದನ್ನು ಇದ್ದಹಾಗೆ ಹೇಳಿದ: "ನಮ್ಮಪ್ಪ ತೊಗಲಿಗಿ ಹಚ್ಚತಿದ್ದ್ರಿ, ನಾನು ಹೆಂಚಿಗಿ ಹಚ್ಚಾಕತ್ತೀನಿ." ಕೆಲವರು ತಲೆಯಾಡಿಸಿದರು. ಒಬ್ಬಿಬ್ಬರು ಆಮೇಲೆ ನಮ್ಮ ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟರು. ಖಾಲಾ ಮಾತ್ರ ಮೂಗು ಮುಚ್ಚಿಕೊಂಡೇ ಚಹಾ ತಂದುಕೊಟ್ಟಳು. ಎಣ್ಣೆಯ ಹನಿಯೊಂದನ್ನು ತಣ್ಣೀರಿಗೆ ಬಿಟ್ಟಾಗ ಅದು ಮೇಣದಂತೆ ಗಟ್ಟಿಯಾಯಿತು. ಬೆರಳುಗಳ ನಡುವೆ ಹಿಡಿದರೆ ಎಳೆ ಬಂತು. ಅಪ್ಪ ಒಲೆ ಆರಿಸಿದ.

ಶಾಲೆಗೆ ಬೇಸಿಗೆ ರಜೆ ಇತ್ತು. ಸಾಲು ಸಾಲಾಗಿ ಹೆಂಚು ಇಳಿಸಿ ನಾನೂ ಅವ್ವನೂ ತೆಂಗಿನ ನಾರಿನಿಂದ ತಿಕ್ಕಿದೆವು. ಬಿಸಿಲಿಗೆ ಒಣಗಿಸಿ ಕೊಟ್ಟರೆ ಅಪ್ಪ ಎಣ್ಣೆಗೆ ಕೆಮ್ಮಣ್ಣು ಕಲಸಿ ಬಟ್ಟೆಯ ಉಂಡೆಯಿಂದ ತಿಕ್ಕಿ ತಿಕ್ಕಿ ಹಚ್ಚುತ್ತಿದ್ದ. ಕಚೇರಿಗೆ ಹೋಗುವ ಮುಂಚೆ ಒಂದಿಷ್ಟು, ಬಂದ ಮೇಲೆ ಒಂದಿಷ್ಟು. ಆ ಬಿಸಿಲಿಗೆ ಎಣ್ಣೆ ಹೆಂಚಿನೊಳಗೆ ಇಳಿದು, ಮೇಲೆ ತೆಳ್ಳಗೆ ಚರ್ಮದಂತೆ ಒಣಗಿತು. ಪುಡಿ ಏಳುವುದು ನಿಂತಿತು. ನೀರು ಚೆಲ್ಲಿದರೆ ನಿಲ್ಲದೆ ಉರುಳಿಹೋಯಿತು. ಅಪ್ಪನ ಖುಷಿ ನೋಡಬೇಕಿತ್ತು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಹೆಂಚಿನ ಮೇಲೆ ನೀರು ಸುರಿದು ತೋರಿಸುತ್ತಿದ್ದ. ನೀರು ಹೊತ್ತು ತರುವವಳು ನಾನು.

ಹೆಂಚು ಮತ್ತೆ ಹೊದೆಸಿದ ಮೇಲೆ ಅವ್ವ ಒಳಗೆ ನಿಂತು ಮೇಲೆ ನೋಡಿದಳು. ಹೆಂಚು ಹೆಂಚು ಕೂಡುವಲ್ಲಿ ಸಣ್ಣಗೆ ಬೆಳಕು.

"ಬೆಳಕು ಬರ್ತದಂದ್ರ ನೀರೂ ಬರ್ತದ," ಅಂದಳು.

ಆ ಸಂದುಗಳು ಮೊದಲಿನಿಂದಲೂ ಇದ್ದವು ಎಂದು ನಮಗೆ ಹೊಳೆಯಲಿಲ್ಲ. ಬೀಗಿತ್ತಿ ಬಂದು ನೋಡುವ ಸೂರಿನಲ್ಲಿ ಸೂಜಿಯಷ್ಟೂ ಸಂದು ಇರಬಾರದು. ಅವ್ವ ತಾನೇ ದೇವದುರ್ಗಕ್ಕೆ ಹೋಗಿ, ತನಗೆ ಗೊತ್ತಿದ್ದ ಜಾಗದಿಂದ ಸವುಳು ಮಣ್ಣು ಅಗೆದು, ಬಸ್ಸಿನ ಮೇಲೆ ಚೀಲ ಹಾಕಿಸಿಕೊಂಡು ಬಂದಳು. ಕಂಡಕ್ಟರ್ ಏನಿದು ಎಂದು ಕೇಳಿದ್ದಕ್ಕೆ, "ಬಂಗಾರ ಅದ, ಜ್ವಾಕಿ" ಅಂದಳಂತೆ. ಹೊಟ್ಟು ಕಲಸಿ ನಾನು ತುಳಿದೆ. ಅವ್ವ ಮೇಲೆ ಹತ್ತಿ ಒಂದೊಂದು ಸಂದಿಗೂ ಬೆರಳಿನಿಂದ ಮಣ್ಣು ಒತ್ತಿ ನುಣ್ಣಗೆ ಸವರಿದಳು. ಹತ್ತಲು ಬರುವುದಿಲ್ಲ ಎಂದಿದ್ದವಳೇ ಈಗ ಇಳಿಯುತ್ತಿರಲಿಲ್ಲ. ಸಂಜೆ ಅಪ್ಪ ಬಂದು ನೋಡಿ, "ಭಾಳ ಚಲೋ ಆತು" ಅಂದ. ನಮ್ಮ ಮೂವರಲ್ಲಿ ಒಬ್ಬರೂ ಹೆಂಚಿನ ಮನೆಯಲ್ಲಿ ಹುಟ್ಟಿ ಬೆಳೆದವರಲ್ಲ. ನಮಗೆ ಗೊತ್ತಿದ್ದ ಸೂರು ಒಂದೇ, ಮಣ್ಣಿನ ಮಾಳಿಗೆ. ಅಂದಿನಿಂದ ಮನೆಯೊಳಗೆ ಸೆಕೆ ಹೆಚ್ಚಾಯಿತು. ಬಿಸಿಲೇ ಜಾಸ್ತಿ ಎಂದುಕೊಂಡೆವು.

ಮಿರಗದ ಮೊದಲ ಮಳೆ ಸಂಜೆ ಬಂತು, ಗಾಳಿಯ ಜೊತೆ. ನಾವು ಮೂವರೂ ಮೇಲೆ ನೋಡುತ್ತ ನಿಂತೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಅಪ್ಪ ಮೀಸೆಯ ಮೇಲೆ ಕೈಯಾಡಿಸಿದ. ಆಮೇಲೆ ಒಂದು ಕಡೆ, ಇನ್ನೊಂದು ಕಡೆ, ಹಿಂದೆಂದೂ ಸೋರದ ಕಡೆಯೆಲ್ಲ, ಸಾಲು ಹಿಡಿದು ಮಣ್ಣುನೀರು ಸುರಿಯತೊಡಗಿತು. ಮೊದಲಾದರೆ ಹನಿ, ಈಗ ಧಾರೆ. ಪಾತ್ರೆಗಳಿಗೆ ಗೊತ್ತಿದ್ದ ಜಾಗಗಳೂ ತಪ್ಪಿದವು.

ಅವ್ವ ಆ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟಳು. "ನನ್ನ ಮಗಳು ಬರಂಗಿಲ್ಲ ಇನ್ನ," ಎಂದು ಅತ್ತಳು. ಕಾಲುವೆಯ ಜೋಪಡಿಯ ಕಥೆಯನ್ನು ನಗುತ್ತ ಹೇಳುವ ಹೆಂಗಸು ಬಿಕ್ಕಿ ಬಿಕ್ಕಿ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಸಂಕಟಕ್ಕಿಂತ ಸಿಟ್ಟೇ ಹೆಚ್ಚು ಬಂತು. ಕವಿತಾಳದ ಆ ಹೆಂಗಸಿನ ಮೇಲೆ, ಮಳೆಯ ಮೇಲೆ, ಹೆಂಚು ಮಾಡಿದವರ ಮೇಲೆ. ಬಾಯಿಗೆ ಬಂದಂತೆ ಬೈದೆ. ಅಪ್ಪ ಪಾತ್ರೆ ಸರಿಸುತ್ತಿದ್ದ.

ಅತ್ತು ಮುಗಿದ ಮೇಲೆ ಅವ್ವ ಮೂಗು ಒರೆಸಿಕೊಂಡು ಎದ್ದು, ಏಣಿ ತಂದು ಗೋಡೆಗೆ ಆನಿಸಿ ಹತ್ತಿದಳು. ಒಳಗಿನಿಂದ ಹೆಂಚಿನ ಹೊಟ್ಟೆ ಮುಟ್ಟಿ ನೋಡಿದಳು. ಒಣಗಿತ್ತು. ಪಕ್ಕದ್ದು ಮುಟ್ಟಿದಳು, ಅದೂ ಒಣಗಿತ್ತು. ಎಣ್ಣೆ ತನ್ನ ಕೆಲಸ ಮಾಡಿತ್ತು. ನೀರು ಬರುತ್ತಿದ್ದದ್ದು ಸಂದುಗಳಿಂದ ಮಾತ್ರ. ಅವಳು ಒಂದು ಹೆಂಚನ್ನು ಅಂಗೈಯಿಂದ ಮೇಲಕ್ಕೆ ಎತ್ತಿದಳು. ಮಣ್ಣಿನ ಹಿಂದೆ ಕಟ್ಟಿಕೊಂಡು ನಿಂತಿದ್ದ ನೀರೆಲ್ಲ ಒಮ್ಮೆಲೇ ಅವಳ ಮುಖಕ್ಕೆ ಸುರಿಯಿತು. ಮುಖ ಒರೆಸಿಕೊಳ್ಳದೆಯೇ ಕೂಗಿದಳು:

"ಒಡ್ಡು ಹಾಕೀನ್ರೀ ನಾನು! ಹೊಲಕ್ಕ ಹಾಕ್ದಂಗ ಒಡ್ಡು ಹಾಕೀನಿ! ಇದು ಮಾಳಗಿ ಅಲ್ಲ. ಮಾಳಗಿ ಮ್ಯಾಲ ನೀರು ತಡೀಬೇಕು, ಇದರ ಮ್ಯಾಲ ನೀರಿಗಿ ದಾರಿ ಬಿಡಬೇಕು."

ಗಾಳಿಗೆ ಹೆಂಚಿನಡಿ ನುಗ್ಗಿದ ನೀರು ಅಂಚಿನ ಗಾಡಿಯಲ್ಲಿ ಹರಿದು ಕೆಳಗಿನ ಹೆಂಚಿನ ಮೇಲೆ ಬೀಳಬೇಕು. ನಾವು ಅದರ ಬಾಗಿಲಿಗೇ ಮಣ್ಣು ಮೆತ್ತಿದ್ದೆವು. ಹೊರಗೆ ಹೋಗಲಾರದ ನೀರು ಒಳಗೆ ಬಂತು.

"ಕೈ ಕೆಸರಾದರ ಬಾಯಿ ಮೊಸರು ಅಂತಾರ, ನಿಂದು ಮಾರಿಯೆಲ್ಲಾ ಕೆಸರಾತಲ್ಲಬೇ," ಅಂದ ಅಪ್ಪ. ಅವ್ವ ಏಣಿಯ ಮೇಲಿಂದಲೇ ಅವನಿಗೆ ಮಣ್ಣು ಎಸೆದಳು. ಆಮೇಲೆ ಮೂವರೂ ನಕ್ಕೆವು.

ಮಳೆ ಬಿಡುವು ಕೊಟ್ಟಾಗಲೆಲ್ಲ ಕಳೆ ತೆಗೆಯುವ ಕುರ್ಪಿ ಹಿಡಿದು ಅವ್ವ ಒಂದೊಂದೇ ಸಂದಿನ ಮಣ್ಣು ಕೆರೆದಳು. ಒತ್ತುವುದಕ್ಕಿಂತ ಕೆರೆಯುವುದು ಕಷ್ಟ. ಎಣ್ಣೆಯ ಪದರಿಗೆ ಪೆಟ್ಟಾದಲ್ಲಿ ಅಪ್ಪ ಮತ್ತೆ ಹಚ್ಚಿದ. ಬೀಗಿತ್ತಿ ಯಾವ ಬಸ್ಸಿಗೆ ಬಂದು ಇಳಿಯುತ್ತಾರೋ ಎಂಬ ಹೆದರಿಕೆಯಲ್ಲಿ ಅವ್ವ ಓಣಿಯ ತುದಿಯನ್ನೇ ನೋಡುತ್ತಿದ್ದಳು.

ಕೆಲಸ ಮುಗಿದ ಮೇಲೆಯೇ ಆಕೆ ಬಂದರು. ಆದರೆ ಮಳೆ ಬರಲಿಲ್ಲ. ಆಕಾಶ ಬೆಳ್ಳಗೆ, ಬಿಸಿಲು ಚುರುಕು. ಆಕೆ ಹೋಗುವ ಮಾತೆತ್ತಲಿಲ್ಲ, ನಾವು ಇರಿ ಎನ್ನುವುದನ್ನು ಬಿಡಲಿಲ್ಲ. ಎಲ್ಲರೂ ಹೊರಗೆ ಬಂದು ಮೋಡ ನೋಡುವುದು, ಒಳಗೆ ಹೋಗಿ ಬೇರೆ ಮಾತಾಡುವುದು. ಮಳೆಗೆ ಅಷ್ಟು ಹೆದರಿದ್ದ ಅವ್ವ ಈಗ ಮಳೆಗೇ ಹರಕೆ ಹೊತ್ತಳು. ಆಕೆಯ ಮುಖ ಕಂಡರೆ ನನಗೆ ಆಗುತ್ತಿರಲಿಲ್ಲ. ನೀರು ಕೊಡುವಾಗಲೂ ಚೊಂಬನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ.

ಕೊನೆಗೊಂದು ಮಧ್ಯಾಹ್ನ ಊಟದ ಹೊತ್ತಿಗೆ ಕತ್ತಲು ಕವಿದು, ಹೆಂಚಿನ ಮೇಲೆ ಕಲ್ಲು ಸುರಿದಂತೆ ಮಳೆ ಹೊಡೆಯಿತು. ಆಕೆ ಹೋದ ವರ್ಷ ಕೂತ ಜಾಗದಲ್ಲೇ ಕೂತು ಉಂಡರು. ನಾವೆಲ್ಲ ಮೇಲೆ ನೋಡುತ್ತಿದ್ದೆವು, ಆಕೆ ತಟ್ಟೆ ನೋಡುತ್ತಿದ್ದರು. ರೊಟ್ಟಿ ಮುಗಿಯಿತು, ಅನ್ನ ಮುಗಿಯಿತು. ತಟ್ಟೆಗೆ ಏನೂ ಬೀಳಲಿಲ್ಲ. ಆಕೆ ಕೈ ತೊಳೆದುಕೊಂಡು, ಅಲ್ಲೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವ್ವ ಗಾಬರಿಯಾದಳು. "ಯಾಕ್ರೀ ಬೀಗತಿ? ಏನಾತ್ರೀ?"

"ಸೋರಲಿ ಅಂತ ಕುಂತಿದ್ನೆವ್ವಾ ನಾನು," ಅಂದರು ಆಕೆ. "ನಿಮ್ಮ ಮನಿ ಸೋರಲಿ ಅಂತ. ನನಗ ಹೆಣ್ಮಕ್ಕಳಿಲ್ಲ. ಬಾಣಂತನ ಮಾಡೋದು ನನ್ನ ಹಣಿಯಾಗ ಬರದಿಲ್ಲ. ನಿಮ್ಮ ಹೆಂಚಿನ ನೆವ ಮಾಡಿ, ಆ ಕೂಸಿಗಿ ನಾನೇ ಮೊದಲ ನೀರು ಹಾಕೋಣು ಅಂತ ಆಸಿ ಮಾಡಿದೆ. ತಪ್ಪಾತು. ಕಳಿಸ್ತೀನಿ ನಿಮ್ಮ ಮಗಳನ್ನ."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಆಕೆಯ ಚೊಂಬಿಗೆ ನೀರು ತುಂಬಿ, ಈ ಸಲ ಸದ್ದಾಗದಂತೆ ಇಟ್ಟೆ. ಅವ್ವ ಆಕೆಯ ಪಕ್ಕದಲ್ಲಿ ಕೂತಳು.

"ಮಗಳನ್ನ ಕಳಿಸ್ರಿ. ಸಂಗಾಟ ನೀವೂ ಬರ್ರಿ."

"ಮಂದಿ ನಗ್ತಾರ. ಬೀಗರ ಮನ್ಯಾಗ ಬಂದು ಠಿಕಾಣಿ ಹೂಡ್ಯಾಳ ಅಂತಾರ."

"ನಗ್ಲಿ ಬಿಡ್ರಿ. ಹಲ್ಲು ಅವರವು."

ಶ್ರಾವಣದಲ್ಲಿ ಅಕ್ಕ ಬಂದಳು, ಜೊತೆಗೆ ಆಕೆಯೂ. ಜನ ನಕ್ಕರು. ದೊಡ್ಡ ದವಾಖಾನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಮನೆಗೆ ಕರೆತಂದ ದಿನ ಬಚ್ಚಲಿನಲ್ಲಿ ನೀರು ಹದವಾಗಿ ಕಾದಿತ್ತು. ಅವ್ವ ಮಣೆಯ ಮೇಲೆ ಕೂತು, ಕಾಲು ಚಾಚಿ, ಸೀರೆ ಮೇಲೆ ಸರಿಸಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು. ಈ ಒಂದು ಗಳಿಗೆಗಾಗಿಯೇ ಆ ಬೇಸಿಗೆಯಿಡೀ ಅವಳು ಹೆಂಚಿನ ಮೇಲೆ ಬೆಂದಿದ್ದಳು. ಚೊಂಬು ಕೈಗೆತ್ತಿಕೊಂಡವಳು ಬಾಗಿಲ ಬಳಿ ನಿಂತಿದ್ದ ಬೀಗಿತ್ತಿಯನ್ನು ನೋಡಿದಳು. ನೀರು ಹಾಕಲಿಲ್ಲ. ಕೂಸನ್ನು ಎತ್ತಿಕೊಂಡು ಎದ್ದಳು.

"ಬರ್ರಿ, ಕಾಲು ಚಾಚ್ರಿ. ಮೊದಲ ನೀರು ನೀವು ಹಾಕ್ರಿ. ನನಗ ಇನ್ನೊಬ್ಬಾಕಿ ಮಗಳು ಅದಾಳ," ಎಂದು ನನ್ನ ಕಡೆ ನೋಡಿ ನಕ್ಕಳು. ಯಾವ ಮಾತಿಗೂ ಎದುರಾಡುವ ನಾನು ಅಂದು ನಾಚಿ ಒಲೆ ಊದಲು ಓಡಿದೆ.

ನಾನು ಮದುವೆಯಾಗಲಿಲ್ಲ. ಅಕ್ಕನಿಗೂ ಮತ್ತೆ ಮಕ್ಕಳಾಗಲಿಲ್ಲ. ಮೊಮ್ಮಗುವಿಗೆ ಮೊದಲ ನೀರು ಹಾಕುವ ದಿನ ಅವ್ವನಿಗೆ ಮತ್ತೆ ಬರಲೇ ಇಲ್ಲ. ಬದುಕಿರುವವರೆಗೆ ಅವಳು ಅದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ.